ಪತ್ರ ಬರೆಯಿರಿ, ಆದರೆ ಔಷಧಿಯ ಹೆಸರು ಹಿಡಿದು ಬರೆಯಿರಿ

ಅಮ್ಮನ ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ, ರೈಬೋಸಿಕ್ಲಿಬ್ ಬೆಲೆ ಕೈಗೆಟುಕುತ್ತಿಲ್ಲ, ನಮ್ಮಂಥವರು ಪತ್ರ ಬರೆದರೆ ಸರ್ಕಾರ ಕೇಳುತ್ತಾ ಅಂತ ಕೇಳಿದ್ದೀರಿ. ಕೇಳುತ್ತೆ, ಆದರೆ ತುಂಬಾ ತಡವಾಗಿ. ಇದೇ ಮಾತ್ರೆಗಾಗಿ ಕೇರಳದ ಒಬ್ಬ ಮಹಿಳೆ 2022ರಲ್ಲಿ ಹೈಕೋರ್ಟಿಗೆ ಹೋದರು, ಅವರ ಚಿಕಿತ್ಸೆಗೆ ತಿಂಗಳಿಗೆ 60,000 ರೂಪಾಯಿ ದಾಟುತ್ತಿತ್ತು. ಅದೇ ವರ್ಷ ತೀರಿಕೊಂಡರು. ಆದರೂ ಕೋರ್ಟ್ ಕೇಸು ಮುಚ್ಚಲಿಲ್ಲ, ತಾನೇ ಮುಂದುವರಿಸಿತು. ನನಗೆ ಇದು ದೊಡ್ಡ ವಿಷಯ. 2024ರ ಬಜೆಟ್‌ನಲ್ಲಿ ಸ್ತನ ಕ್ಯಾನ್ಸರ್‌ಗೆ ಕೊಡುವ ಇನ್ನೊಂದು ಔಷಧಿ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಮೇಲಿನ ಕಸ್ಟಮ್ಸ್ ಸುಂಕವನ್ನೂ ತೆಗೆದರು.

ಸಂಸದರಿಗೆ ಬರೆಯುವಾಗ ಸುಮ್ನೆ 'ಕ್ಯಾನ್ಸರ್ ರೋಗಿಗಳಿಗೆ ಏನಾದರೂ ಮಾಡಿ' ಅನ್ನಬೇಡಿ. ಔಷಧಿಯ ಹೆಸರು ಮತ್ತು ತಿಂಗಳ ಬಿಲ್ ಹಾಕಿ, ಪೇಟೆಂಟ್ ಕಾಯ್ದೆಯ 92 ಮತ್ತು 100ನೇ ಸೆಕ್ಷನ್ ಪ್ರಕಾರ ಪೇಟೆಂಟ್ ಇದ್ದರೂ ಬೇರೆ ಕಂಪನಿಗಳಿಂದ ಇದನ್ನು ತಯಾರು ಮಾಡಿಸುವ ದಾರಿ ಸರ್ಕಾರಕ್ಕಿದೆ, ಅದನ್ನು ಯಾಕೆ ಬಳಸಿಲ್ಲ ಅಂತ ಸಂಸತ್ತಿನಲ್ಲಿ ಪ್ರಶ್ನೆ ಹಾಕಿ ಎಂದು ಕೇಳಿ. ಪ್ರಶ್ನೆ ಸ್ವೀಕಾರವಾದರೆ ಸಚಿವರು ಉತ್ತರ ಕೊಡಬೇಕಾಗುತ್ತೆ.

ಅಲ್ಲಿಯವರೆಗೆ ಅಮ್ಮ ಕಾಯೋಕಾಗಲ್ಲ ಅಲ್ವಾ? ರೈಬೋಸಿಕ್ಲಿಬ್ ಗುಂಪಿನದೇ ಇನ್ನೊಂದು ಔಷಧಿ ಪಾಲ್ಬೋಸಿಕ್ಲಿಬ್‌ನ ಪೇಟೆಂಟ್ 2023ರಲ್ಲಿ ಮುಗಿದಿದೆ, ಅದರ ಜೆನೆರಿಕ್ (ಬೇರೆ ಕಂಪನಿಗಳು ಮಾಡುವ ಅದೇ ಔಷಧಿ) ತುಂಬಾ ಕಡಿಮೆಗೆ ಸಿಗುತ್ತೆ. ಅಮ್ಮನಿಗೆ ಅದು ಹೊಂದುತ್ತಾ ಅಂತ ಡಾಕ್ಟರ್ ಹತ್ತಿರ ಈ ವಾರವೇ ಕೇಳಿ.