ಹಳ್ಳದ ಕಾಂಕ್ರೀಟ್ ತಳ ಒಡೆದು ಮತ್ತೆ ಕಲ್ಲು-ಮರಳಿನ ತಳ ಮಾಡಿದ್ರೆ ಏನು ಲಾಭ?

ನೀರಿನ ಓಟ ನಿಧಾನ ಆಗುತ್ತೆ, ಒಂದಿಷ್ಟು ನೆಲಕ್ಕೆ ಇಂಗುತ್ತೆ, ಹರೀತಾ ಹರೀತಾನೇ ಸ್ವಲ್ಪ ಕ್ಲೀನ್ ಆಗುತ್ತೆ, ಮೀನು ಕಪ್ಪೆಗಳಿಗೆ ಜಾಗ ಸಿಗುತ್ತೆ. ಇದಕ್ಕೆಲ್ಲಾ ಕಾರಣ, ತಳ ಒರಟಾಗಿರೋದು, ನೀರು ಕೆಳಗಿಳಿಯೋಕೆ ಸಂದು ಇರೋದು.

ನಮ್ಮ ಪುಣೆಯಲ್ಲಿ ಹಳ್ಳಕ್ಕೆ ಓಢಾ ಅಂತಾರೆ. ಸಿಮೆಂಟ್ ಹಾಕಿರೋ ಓಢಾದಲ್ಲಿ ಮಳೆನೀರು ಪೈಪಲ್ಲಿ ಹೋದಂಗೆ ಒಂದೇ ಸಲ ನುಗ್ಗಿ ಕೆಳಗಿನ ಏರಿಯಾದವರ ಮೇಲೆ ಬೀಳುತ್ತೆ, ಅದೇ ಕಲ್ಲು, ಗುಂಡಿ, ತಿರುವು ಇದ್ರೆ ಅಲ್ಲಲ್ಲಿ ತಡೆದು ತಡೆದು ಬರುತ್ತೆ. ಹಳ್ಳ ಹರಿಯೋಕೆ ಸಾಕಷ್ಟು ಅಗಲಾನೂ ಬಿಡ್ಬೇಕು ಮತ್ತೆ, 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಜನರ ಪ್ರಾಣಾನೇ ಹೋಯ್ತು, ಅದನ್ನ ಮರೆಯೋಕಾಗಲ್ಲ.

ಕ್ಲೀನ್ ಹೇಗಾಗುತ್ತೆ ಅಂದ್ರೆ, ಹಳ್ಳದ ಕಲ್ಲೊಂದನ್ನ ಎತ್ತಿ ಮುಟ್ಟಿ ನೋಡಿ, ಜಾರೋ ಲೋಳೆ ಇರುತ್ತಲ್ಲ, ಅದರಲ್ಲಿ ಪಾಚಿ ಜೊತೆ ಬ್ಯಾಕ್ಟೀರಿಯಾ ಇರ್ತವೆ, ನೀರಿನ ಕೊಳೆ ತಿಂದು ಬದುಕೋದು ಅವೇ. ನೀರು ಕಲ್ಲಿಗೆ ಬಡಿದು ನೊರೆ ಏಳುವಾಗ ಗಾಳಿಯ ಆಕ್ಸಿಜನ್ ಒಳಗೆ ಸೇರಿ ಅವಕ್ಕೂ ಮೀನಿಗೂ ಉಸಿರು ಸಿಗುತ್ತೆ. ಕಲ್ಲಿನ ಸಂದುಗಳಲ್ಲಿ ಹುಳ ಬೆಳೀತವೆ, ಅದೇ ಮೀನಿನ ಊಟ.

ಆದ್ರೆ ಮೊದಲು ಡ್ರೈನೇಜ್ ನೀರು ಬಿಡೋದು ನಿಲ್ಲಿಸ್ಬೇಕು, ಅಷ್ಟು ಕೊಳೆ ಬಂದ್ರೆ ಯಾವ ಕಲ್ಲೂ ತಡ್ಕೊಳಲ್ಲ.