‘ಪರಿಶೀಲನೆಯಲ್ಲಿದೆ’ ಅಂದ್ರೆ ಏನು ಮೇಡಂ?

ಕಲಬುರಗಿಯಲ್ಲಿ ಜಿಲ್ಲಾ ಮಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿದೆ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಸೇರಿ ಅಧೀಕ್ಷಕಿಯಾಗಿ ನಿವೃತ್ತಳಾದೆ. ಕೊನೆಯ 11 ವರ್ಷ ‘ಎಲ್‌ಎಕ್ಯೂ’ ಕಡತ ನನ್ನ ಟೇಬಲ್ಲಿಗೇ ಬರುತ್ತಿತ್ತು. ಶಾಸಕರು ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆಗೆ ಕಚೇರಿಯಲ್ಲಿ ಹಾಗೆ ಹೇಳುತ್ತಾರೆ. ವಿಧಾನ ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಹೋದ ಸಂಚಿಕೆಯಲ್ಲಿ ಈ ಬಗ್ಗೆ ಎರಡು ಸಾಲು ಬರೆದಿದ್ದಕ್ಕೆ ಇಷ್ಟೊಂದು ಪತ್ರ ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ನಮ್ಮೂರ ಹೈಸ್ಕೂಲಿನಲ್ಲಿ ಎರಡು ವರ್ಷದಿಂದ ಗಣಿತದ ಮೇಷ್ಟ್ರಿಲ್ಲ. ಶಾಸಕರು ಕೇಳಿದ ಪ್ರಶ್ನೆಗೆ ಸಚಿವರು ಲಿಖಿತ ಉತ್ತರ ಕೊಟ್ಟಿದ್ದಾರೆ ಅಂತ ಯಾರೋ ಮೊಬೈಲಿಗೆ ಆ ಹಾಳೆ ಕಳಿಸಿದರು. ‘ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಪ್ರಸ್ತಾವನೆ ಪರಿಶೀಲನೆಯಲ್ಲಿದೆ’ ಅಂತ ಬರೆದಿದೆ. ನನ್ನ ಮಗಳು ಈ ವರ್ಷ ಹತ್ತನೇ ತರಗತಿ. ‘ಪರಿಶೀಲನೆಯಲ್ಲಿದೆ’ ಅಂದ್ರೆ ಏನು ಮೇಡಂ? ಹಂತ ಅಂದ್ರೆ ಯಾವಾಗ?
– ಒಬ್ಬ ತಾಯಿ, ಆಳಂದ ತಾಲ್ಲೂಕು

ನಿಮ್ಮ ಪತ್ರ ಎರಡು ಸಲ ಓದಿದೆ ತಂಗಿ. ಮೊದಲು ಮಗಳ ವಿಷಯ. ‘ಹಂತ ಹಂತವಾಗಿ’ ಅನ್ನೋ ಮಾತಿಗೆ ತಾರೀಖು ಇಲ್ಲ. ಕಾಯಂ ಮೇಷ್ಟ್ರು ಬರಬೇಕಾದರೆ ಆರ್ಥಿಕ ಇಲಾಖೆ ಒಪ್ಪಬೇಕು, ಅಧಿಸೂಚನೆ ಆಗಬೇಕು, ಪರೀಕ್ಷೆ, ಆಯ್ಕೆ ಪಟ್ಟಿ, ಆಕ್ಷೇಪಣೆ, ಆಮೇಲೆ ಕೌನ್ಸೆಲಿಂಗ್. ಅದು ಈ ಮಾರ್ಚ್‌ಗೆ ಮುಗಿಯುವ ಕೆಲಸ ಅಲ್ಲ. ಅದಕ್ಕಾಗಿ ಕಾಯಬೇಡಿ. ನಾಳೆಯೇ ನಾಲ್ಕು ತಾಯಂದಿರು ಸೇರಿ ಮುಖ್ಯ ಗುರುಗಳ ಹತ್ತಿರ ಹೋಗಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆಸಿ. ಗಣಿತಕ್ಕೆ ಅತಿಥಿ ಶಿಕ್ಷಕರು ಬೇಕು, ಇಲ್ಲವೇ ಹತ್ತಿರದ ಶಾಲೆಯವರನ್ನು ವಾರಕ್ಕೆ ಮೂರು ದಿನ ನಿಯೋಜನೆ ಮಾಡಿ ಅಂತ ನಡಾವಳಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ಈಗ ಆ ಹಾಳೆ. ಅದನ್ನು ಎಸೆಯಬೇಡಿ. ಮೇಲೆ ಪ್ರಶ್ನೆಯ ಸಂಖ್ಯೆ, ಕೇಳಿದ ಸದಸ್ಯರ ಹೆಸರು, ಉತ್ತರಿಸಿದ ದಿನಾಂಕ, ಉತ್ತರಿಸಿದ ಸಚಿವರು ಅಂತ ಇರುತ್ತದೆ. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಅ, ಆ, ಇ, ಈ ಅಂತ ತುಂಡು ತುಂಡಾಗಿ. ‘ಗಮನಕ್ಕೆ ಬಂದಿದೆ’ ಅಂತ ಇದ್ದರೆ ನಿಮಗೆ ಲಾಭ, ಯಾಕಂದ್ರೆ ಆ ಕೊರತೆ ಇದೆ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ‘ಉದ್ಭವಿಸುವುದಿಲ್ಲ’ ಅಂತ ಇದ್ದರೆ ಮೇಲಿನ ತುಂಡಿಗೆ ‘ಇಲ್ಲ’ ಅಂದಿದ್ದಾರೆ, ಹಾಗಾಗಿ ಮುಂದಿನ ಪ್ರಶ್ನೆಗೆ ಜಾಗವೇ ಇಲ್ಲ ಅಂತ ಅರ್ಥ. ‘ಪರಿಶೀಲನೆಯಲ್ಲಿದೆ’ ಅಂದರೆ ಎಲ್ಲೋ ಒಂದು ಕಡತ ಇದೆ, ಅದಕ್ಕೊಂದು ನಂಬರ್ ಇದೆ. ಆ ನಂಬರ್ ಕೇಳಬೇಕು. ಯಾವ ಮೇಜಿನ ಮೇಲಿದೆ, ಯಾವ ತಾರೀಖಿನಿಂದ ಇದೆ ಅಂತ ಕೇಳಬೇಕು. ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಅಂತ ಬಂದಿದ್ದರೆ ಆ ವರ್ಷ ಅದಕ್ಕೆ ದುಡ್ಡು ಇಟ್ಟಿಲ್ಲ ಅಂತ ತಿಳಿದುಕೊಳ್ಳಿ.

ಇನ್ನೊಂದು ಮಾತು. ನೀವು ಕಳಿಸಿದ ಹಾಳೆಯಲ್ಲಿ ಪ್ರಶ್ನೆಯೇ ಅಗಲವಾಗಿದೆ. ‘ರಾಜ್ಯದಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆಗಳೆಷ್ಟು?’ ಅಂತ ಕೇಳಿದರೆ ರಾಜ್ಯದ ಒಂದು ಮೊತ್ತ ಬರುತ್ತದೆ, ಅಷ್ಟೇ. ಅದರಲ್ಲಿ ನಿಮ್ಮೂರು ಕಾಣುವುದಿಲ್ಲ. ‘ಈ ತಾಲ್ಲೂಕಿನ ಪ್ರತಿ ಪ್ರೌಢಶಾಲೆಯಲ್ಲಿ ಯಾವ ವಿಷಯದ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ?’ ಅಂತ ಕೇಳಿದ್ದರೆ, ಆ ಪ್ರಶ್ನೆ ಬೆಂಗಳೂರಿನಿಂದ ಕಲಬುರಗಿಗೆ, ಇಲ್ಲಿಂದ ಬಿಇಒ ಕಚೇರಿಗೆ, ಅಲ್ಲಿಂದ ನಿಮ್ಮ ಶಾಲೆಯ ಹಾಜರಿ ಪುಸ್ತಕದವರೆಗೂ ಬರಲೇಬೇಕಿತ್ತು. ನಿಮ್ಮ ಶಾಸಕರಿಗೆ ಇದನ್ನು ಹೇಳಿ. ಈಶಾನ್ಯ ಶಿಕ್ಷಕರ ಕ್ಷೇತ್ರದಿಂದ ಗೆದ್ದು ವಿಧಾನ ಪರಿಷತ್ತಿನಲ್ಲಿ ಕೂತ ಸದಸ್ಯರೂ ಇದ್ದಾರೆ. ಶಾಲೆಯ ಮೇಷ್ಟ್ರುಗಳ ಮತದಿಂದ ಹೋದವರು. ಅವರಿಗೂ ಒಂದು ಪತ್ರ ಬರೆಯಿರಿ.

ಪ್ರಶ್ನೆ: ಚುಕ್ಕೆ ಗುರುತಿನ ಪ್ರಶ್ನೆಗೂ ಚುಕ್ಕೆ ಗುರುತಿಲ್ಲದ ಪ್ರಶ್ನೆಗೂ ಏನು ವ್ಯತ್ಯಾಸ? ಪರೀಕ್ಷೆಗೆ ಓದುತ್ತಿದ್ದೇನೆ.
– ವಿದ್ಯಾರ್ಥಿ, ಬೀದರ್

ಚುಕ್ಕೆ ಇದ್ದರೆ ಸಚಿವರು ಸದನದಲ್ಲಿ ನಿಂತು ಬಾಯಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಬರಹದಲ್ಲಿ ಉತ್ತರ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಇಲ್ಲದವು. ಪ್ರಶ್ನೋತ್ತರ ವೇಳೆ ಒಂದೇ ಗಂಟೆ ಆದ್ದರಿಂದ ಚುಕ್ಕೆ ಗುರುತಿನವು ಕೂಡ ಎಲ್ಲ ಮುಗಿಯುವುದಿಲ್ಲ. ಉಳಿದವುಗಳ ಉತ್ತರವನ್ನು ಬರಹದಲ್ಲೇ ಮಂಡಿಸುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಕೊರೊನಾ ಕಾರಣಕ್ಕೆ ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಆಗಲೂ ಲಿಖಿತ ಉತ್ತರ ಮಾತ್ರ ನಿಲ್ಲಲಿಲ್ಲ. ಇದನ್ನು ನೆನಪಿಡಿ, ಪರೀಕ್ಷೆಗೂ ಆಗುತ್ತದೆ.

ಪ್ರಶ್ನೆ: ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾಗಿ ಎಷ್ಟೋ ವರ್ಷವಾಯಿತು. ನಮಗೆ ಬೇಕಾದ ಹೊತ್ತಿಗೆ ಗಾಡಿ ಇಲ್ಲ. ನಮ್ಮ ಎಂಎಲ್‌ಎ ವಿಧಾನಸಭೆಯಲ್ಲಿ ಯಾಕೆ ಕೇಳುವುದಿಲ್ಲ?
– ಹುಮನಾಬಾದಿನ ಓದುಗರು

ಕೇಳಿದರೂ ಉತ್ತರ ಬರುವುದಿಲ್ಲ. ರೈಲು ಕೇಂದ್ರ ಸರ್ಕಾರದ್ದು. ಆ ಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಗಾಡಿ ಹೆಚ್ಚಿಸಿ ಅಂತ ಕೇಳಬೇಕಾದವರು ಸಂಸದರು. ಹುಮನಾಬಾದ್ ಬೀದರ್ ಲೋಕಸಭಾ ಕ್ಷೇತ್ರದಲ್ಲಿದೆ. ನಿಮ್ಮ ಪತ್ರ ಅಲ್ಲಿಗೆ ಹೋಗಲಿ. ನಮ್ಮ ಮೂರು ಜಿಲ್ಲೆಗೆ 19 ಶಾಸಕರಿದ್ದಾರೆ. ಕಲಬುರಗಿಗೆ 9, ಬೀದರಿಗೆ 6, ಯಾದಗಿರಿಗೆ 4. ಅವರಿಗೆ ಬಸ್ಸು, ಶಾಲೆ, ಆಸ್ಪತ್ರೆ, ಕೆರೆ, ರಾಜ್ಯದ ರಸ್ತೆ ಕೇಳಿ. ತಪ್ಪು ಬಾಗಿಲು ತಟ್ಟಿ ಒಂದು ಅಧಿವೇಶನ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಈ ಲಿಖಿತ ಉತ್ತರಗಳೆಲ್ಲ ಸುಮ್ನೆ ಕಾಗದ ಅನ್ನಿಸುತ್ತದೆ. ಕೆಳಗಿನವರು ಕೊಟ್ಟ ಲೆಕ್ಕವನ್ನೇ ಮೇಲಿನವರು ಓದುತ್ತಾರೆ. ಅದು ನಿಜವೋ ಸುಳ್ಳೋ ಯಾರು ನೋಡುತ್ತಾರೆ?
– ಯಾದಗಿರಿಯ ಓದುಗರು

ಗುರುಗಳೇ, ನಿಮಗೆ ನಾನು ನಡೆದಿದ್ದನ್ನೇ ಹೇಳುತ್ತೇನೆ.

ಒಂದು ಡಿಸೆಂಬರ್. ಅಧಿವೇಶನ ಬೆಳಗಾವಿಯ ಸುವರ್ಣ ಸೌಧದಲ್ಲಿ. ಶಾಲೆಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯ ಎಷ್ಟಿವೆ, ಎಷ್ಟು ಬಳಕೆಯಲ್ಲಿವೆ ಅಂತ ಪ್ರಶ್ನೆ. ಬೆಳಿಗ್ಗೆ 11ಕ್ಕೆ ಬಂತು, ‘ಅತಿ ತುರ್ತು’ ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು. ಸಂಜೆ 4ಕ್ಕೆ ಉತ್ತರ ಹೋಗಬೇಕು. ಒಂದು ತಾಲ್ಲೂಕಿನ ಲೆಕ್ಕ ಬಂದಿರಲಿಲ್ಲ. ಫೋನ್ ಮಾಡಿದೆ. ‘ಹೋದ ಸಲದ್ದೇ ಹಾಕ್ರಿ ಮೇಡಂ, ಏನೂ ಬದಲಾಗಿಲ್ಲ’ ಅಂದರು. ಹಾಕಿದೆ. ‘ಬಳಕೆಯಲ್ಲಿವೆ’ ಅನ್ನೋ ಕಾಲಂನಲ್ಲೂ ಅದೇ ಸಂಖ್ಯೆ. ಸಾಹೇಬರ ಸಹಿ ಆಯಿತು. ಉತ್ತರ ಬೆಳಗಾವಿಗೆ ಹೋಯಿತು. ಸಚಿವರ ಹೆಸರಿನಲ್ಲಿ ಸದನದಲ್ಲಿ ಮಂಡನೆಯಾಯಿತು.

ಮುಂದಿನ ವರ್ಷ ಆ ತಾಲ್ಲೂಕಿನ ಒಂದು ಹಳ್ಳಿಗೆ ಮದುವೆಗೆ ಹೋಗಿದ್ದೆ. ಊಟ ಶಾಲೆಯ ಅಂಗಳದಲ್ಲಿ. ಕೈ ತೊಳೆಯಲು ಹಿಂದಕ್ಕೆ ಹೋದರೆ ಶೌಚಾಲಯ ಇತ್ತು, ಬಣ್ಣ ಹೊಡೆದದ್ದು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಅಲ್ಲಿ ನಿಂತಿದ್ದ ಒಬ್ಬ ಹುಡುಗಿಯನ್ನು ಕೇಳಿದೆ. ‘ನೀರಿಲ್ರಿ ಆಂಟಿ, ಕೀಲಿ ಹಾಕ್ಯಾರ. ನಾವು ಮನೀಗೇ ಹೋಗ್ತೀವ್ರಿ’ ಅಂದಳು. ಏಳನೇ ತರಗತಿಯಂತೆ. ಅವಳ ಮನೆ ಎಲ್ಲಿ ಅಂದರೆ ಹಳ್ಳದ ಆಚೆ. ಒಂದು ಸಲ ಹೋಗಿ ಬಂದರೆ ಎರಡು ಪಿರಿಯಡ್ ಹೋಯಿತು.

ಅವತ್ತು ನನಗೆ ಊಟ ಸೇರಲಿಲ್ಲ. ಆ ಮಗುವಿಗೆ ಶೌಚಾಲಯ ಇದೆ ಅಂತ ರಾಜ್ಯದ ಸದನಕ್ಕೆ ಹೇಳಿದವಳು ನಾನು. ಬೇರೆ ಯಾರೂ ಅಲ್ಲ.

ಅದಾದ ಮೇಲೆ ನಿವೃತ್ತಿವರೆಗೂ ಒಂದು ಕ್ರಮ ಇಟ್ಟುಕೊಂಡೆ. ಯಾವ ಸಂಖ್ಯೆ ಬರೆದರೂ ಕಡತದ ಪಕ್ಕದಲ್ಲಿ ಯಾರು ಕೊಟ್ಟರು, ಯಾವ ತಾರೀಖು ಅಂತ ಬರೆಯುತ್ತಿದ್ದೆ. ಹತ್ತು ಶಾಲೆಗಳಿಗಾದರೂ ನಾನೇ ಫೋನ್ ಹಚ್ಚಿ ‘ನೀರು ಅದ ಏನ್ರಿ? ಕೀಲಿ ಯಾರ ಹತ್ರ ಅದ?’ ಅಂತ ಕೇಳುತ್ತಿದ್ದೆ. ಲೆಕ್ಕ ಬರದ ತಾಲ್ಲೂಕಿನ ಮುಂದೆ ‘ಮಾಹಿತಿ ಬಂದಿರುವುದಿಲ್ಲ’ ಅಂತಲೇ ಬರೆದೆ. ಅದಕ್ಕೆ ಬೈಗುಳ ತಿಂದಿದ್ದೇನೆ. ಆದರೂ ಬರೆದೆ.

ಹಾಗಾಗಿ ನಿಮ್ಮ ಅನುಮಾನ ತಪ್ಪಲ್ಲ. ಆದರೆ ಸುಮ್ನೆ ಕಾಗದ ಅನ್ನಬೇಡಿ ಗುರುಗಳೇ. ಕಾಗದ ಆಗಿರುವುದರಿಂದಲೇ ಅದನ್ನು ಹಿಡಿಯಬಹುದು. ಭಾಷಣದಲ್ಲಿ ಹೇಳಿದ ಮಾತನ್ನು ಹಿಡಿಯಲು ಆಗುತ್ತದಾ? ಲಿಖಿತ ಉತ್ತರದ ಜೊತೆ ‘ಅನುಬಂಧ’ ಅಂತ ವಿವರದ ಪಟ್ಟಿ ಇರುತ್ತದೆ. ಜನ ಮೊದಲ ಪುಟ ಓದಿ ಬಿಡುತ್ತಾರೆ. ನಿಜವಾದ ಸರಕು ಇರುವುದು ಅನುಬಂಧದಲ್ಲಿ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರ ಸಿಗುತ್ತದೆ. ಅನುಬಂಧ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರಿಸಬೇಕು. ನಿಮ್ಮೂರ ಸಾಲು ಹುಡುಕಿ. ಅಲ್ಲಿ ‘ಬಳಕೆಯಲ್ಲಿದೆ’ ಅಂತ ಇದ್ದು, ಬಾಗಿಲಿಗೆ ಬೀಗ ಇದ್ದರೆ, ತಾರೀಖಿನ ಸಮೇತ ಫೋಟೋ ತೆಗೆದು ಶಾಸಕರಿಗೆ ಕೊಡಿ. ಸದನಕ್ಕೆ ತಪ್ಪು ಮಾಹಿತಿ ಹೋದರೆ ಸಚಿವರು ಅದನ್ನು ತಿದ್ದಿ ಹೇಳಬೇಕಾಗುತ್ತದೆ. ಬೇಕಂತಲೇ ಕೊಟ್ಟಿದ್ದರೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ ತಂದರು ಅನ್ನೋ) ಪ್ರಸ್ತಾಪದವರೆಗೂ ಹೋಗಬಹುದು. ಕಚೇರಿಗಳಲ್ಲಿ ಆ ಒಂದು ಪದಕ್ಕೆ ಎಷ್ಟು ಹೆದರುತ್ತಾರೆ ಅಂತ ನನಗೆ ಗೊತ್ತು.

‘ಕ್ರಮ ಕೈಗೊಳ್ಳಲಾಗುವುದು’ ಅಂತ ಸಚಿವರು ಹೇಳಿದ್ದನ್ನು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತ ಇದೆ. ಲೋಕಸಭೆಯಲ್ಲಿ ಇಂಥ ಸಮಿತಿ 1953ರಲ್ಲೇ ಆಯಿತು. ಅಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು ಅಂತ ನಿಯಮ. ನಮ್ಮ ವಿಧಾನಮಂಡಲದಲ್ಲೂ ಈ ಸಮಿತಿ ಇದೆ. ನಿಮ್ಮ ಶಾಸಕರು ಆ ಸಮಿತಿಗೆ ಬರೆಯಲಿ ಅಂತ ಒತ್ತಾಯಿಸಿ. ನಿಮ್ಮಂಥ ಮೇಷ್ಟ್ರು ಕೇಳಿದರೆ ಊರಲ್ಲಿ ಕಿವಿಗೊಡುತ್ತಾರೆ.

ಪ್ರಶ್ನೆ: 371(ಜೆ) ಬಂದು ಇಷ್ಟು ವರ್ಷವಾಯಿತು. ಎಷ್ಟು ಹುದ್ದೆ ತುಂಬಿದ್ದಾರೆ ಅಂತ ನನ್ನಂಥ ನಿರುದ್ಯೋಗಿಗೆ ಹೇಗೆ ತಿಳಿಯಬೇಕು?
– ಬಿ.ಎ. ಪದವೀಧರ, ಕಲಬುರಗಿ

ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಬಂದ ವಿಶೇಷ ಅವಕಾಶ ಅದು. 2013ರಿಂದ ಜಾರಿಯಲ್ಲಿದೆ. ನಮ್ಮ ಭಾಗದ ಕಚೇರಿಗಳಲ್ಲಿ ‘ಸಿ’ ಗುಂಪಿನ ಹುದ್ದೆಯಲ್ಲಿ 80%, ‘ಡಿ’ ಗುಂಪಿನಲ್ಲಿ 85% ಸ್ಥಳೀಯರಿಗೆ ಮೀಸಲು. ಬಹಳ ಜನ ಗಮನಿಸದ ಒಂದು ಮಾತು ಆ ಅನುಚ್ಛೇದದಲ್ಲೇ ಇದೆ. ನಮ್ಮ ಭಾಗದ ಅಭಿವೃದ್ಧಿ ಮಂಡಳಿ ಹೇಗೆ ಕೆಲಸ ಮಾಡಿತು ಅಂತ ಪ್ರತಿ ವರ್ಷ ವಿಧಾನಸಭೆಯ ಮುಂದೆ ವರದಿ ಇಡಬೇಕು. ಅಂದರೆ ಲೆಕ್ಕ ಕೇಳುವುದು ನಮ್ಮ ಹಕ್ಕು, ಸಂವಿಧಾನದಲ್ಲೇ ಬರೆದ ಹಕ್ಕು. ಆ ವರದಿ ಓದಿ. ಹುದ್ದೆಗಳ ಲೆಕ್ಕವನ್ನು ಇಲಾಖೆವಾರು ಕೇಳಿಸಿ: ಮಂಜೂರಾದದ್ದು ಎಷ್ಟು, ಭರ್ತಿ ಎಷ್ಟು, ನಿವೃತ್ತಿಯಿಂದ ಖಾಲಿಯಾದದ್ದು ಎಷ್ಟು. ಮೂರನ್ನೂ ಒಟ್ಟಿಗೆ ಕೇಳಿಸಬೇಕು. ಬರೀ ‘ಭರ್ತಿ ಎಷ್ಟು’ ಅಂದರೆ ದೊಡ್ಡ ಸಂಖ್ಯೆ ಕಾಣುತ್ತದೆ, ಆ ಕಡೆ ನಿವೃತ್ತರಾಗಿ ಹೋದವರು ಕಾಣುವುದಿಲ್ಲ.

ಪ್ರಶ್ನೆ: ತೊಗರಿಗೆ ನೆಟೆ ರೋಗ ಬಂತು. ಫಸಲ್ ಬಿಮಾ ಕಂತು ಕಟ್ಟಿದ್ದೆ. ಪಕ್ಕದ ಪಂಚಾಯಿತಿಯವರಿಗೆ ಪರಿಹಾರ ಬಂತು, ನಮಗಿಲ್ಲ. ನನ್ನಂಥ ರೈತನ ಪ್ರಶ್ನೆ ವಿಧಾನಸಭೆಗೆ ಹೋಗುತ್ತದಾ?
– ರೈತ, ಜೇವರ್ಗಿ ತಾಲ್ಲೂಕು

ಹೋಗುತ್ತದೆ ಅಣ್ಣಾ. ನೇರವಾಗಿ ನೀವು ಕೇಳಲು ಬರುವುದಿಲ್ಲ, ಶಾಸಕರು ಸಹಿ ಹಾಕಿ ಕೊಡಬೇಕು. ಅಧಿವೇಶನಕ್ಕೆ ವಾರಗಳ ಮೊದಲೇ ಪ್ರಶ್ನೆ ಸಲ್ಲಿಕೆಯಾಗಿರಬೇಕು. ಅಧಿವೇಶನ ಶುರುವಾದ ಮೇಲೆ ಅವರ ಆಪ್ತ ಸಹಾಯಕರ ಮುಂದೆ ನಿಂತರೆ ಕಾಲ ಮೀರಿರುತ್ತದೆ.

‘ನಮಗೆ ಬಿಮಾ ಬಂದಿಲ್ಲ’ ಅಂತ ಮಾತ್ರ ಬರೆದರೆ ‘ನಿಯಮಾನುಸಾರ ಇತ್ಯರ್ಥಪಡಿಸಲಾಗಿದೆ’ ಅಂತ ಉತ್ತರ ಬರುತ್ತದೆ. ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ 2%. ಉಳಿದ ಕಂತು ರಾಜ್ಯ, ಕೇಂದ್ರ ಸರ್ಕಾರಗಳದ್ದು. ನಮ್ಮಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ, ಅಂದರೆ ಇಡೀ ಪಂಚಾಯಿತಿಯ ಇಳುವರಿ ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ, ಅದಕ್ಕೇ ಪಕ್ಕದವರಿಗೆ ಬಂದು ನಿಮಗೆ ಬರದೆ ಇರಬಹುದು. ಹಾಗಾಗಿ ಕೇಳಿಸಬೇಕಾದದ್ದು ಹೀಗೆ: ನಮ್ಮ ಪಂಚಾಯಿತಿಯಲ್ಲಿ ತೊಗರಿಯ ಬೆಳೆ ಕಟಾವು ಪ್ರಯೋಗ (ಆಯ್ದ ಹೊಲದಲ್ಲಿ ಕೊಯ್ದು ಇಳುವರಿ ಅಳೆಯುವುದು) ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ನಡೆಯಿತು? ಇಳುವರಿ ಎಷ್ಟು ಬಂತು? ರಾಜ್ಯದ ಪಾಲಿನ ಕಂತು ಯಾವ ದಿನಾಂಕದಂದು ಕಟ್ಟಲಾಯಿತು? ಈ ಮೂರಕ್ಕೆ ತಾರೀಖು, ಸಂಖ್ಯೆ ಇಲ್ಲದೆ ಉತ್ತರಿಸಲು ಆಗುವುದಿಲ್ಲ.

ಪತ್ರದ ಜೊತೆ ಕಂತು ಕಟ್ಟಿದ ರಶೀದಿ, ಪಹಣಿ, ಬೆಳೆ ಸಮೀಕ್ಷೆಯ ಪ್ರತಿ ಇಡಿ. ಊರಿನ ಇನ್ನಷ್ಟು ರೈತರ ಸಹಿ ಇದ್ದರೆ ಒಳ್ಳೆಯದು. ಒಂದು ಝೆರಾಕ್ಸ್ ನಿಮ್ಮ ಹತ್ತಿರ ಇರಲಿ. ಉತ್ತರ ಬಂದಾಗ ಅನುಬಂಧದ ಸಮೇತ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಒಟ್ಟಿಗೆ ಓದೋಣ.