ಉಟ್ರೆಕ್ಟ್‌ನಲ್ಲಿ ಕೋಣೆ ಹುಡುಕುವಾಗ: ಸೈಕಲ್ಲೋ, ಟ್ರಾಮೋ?

ಕಾರವಾರದಿಂದ ಓದಲು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ಗೆ ಹೊರಟಿರುವ ನೀವು, ಹೆಚ್ಚು ಬಾಡಿಗೆ ಕೊಟ್ಟು ಟ್ರಾಮ್ ನಿಲ್ದಾಣದ ಪಕ್ಕದಲ್ಲೇ ಕೋಣೆ ಹಿಡಿಯಬೇಕೋ, ಸೈಕಲ್ ನೆಚ್ಚಿಕೊಂಡು ದೂರದಲ್ಲಿರಬಹುದೋ ಎಂದು ಕೇಳಿದ್ದೀರಿ. ಶಿರಸಿಯಿಂದ ಬಂದು ಇಲ್ಲೇ ನೆಲೆಸಿರುವ ನನ್ನ ಸಲಹೆ ಇಷ್ಟು: ಸೈಕಲ್ ನೆಚ್ಚಿಕೊಳ್ಳಿ, ಆದರೆ ರೈಲು ನಿಲ್ದಾಣಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಸೈಕಲ್ ತುಳಿಯಬೇಕಾದ ಕಡೆ ಕೋಣೆ ಹಿಡಿಯಬೇಡಿ.

ಸೈಕಲ್ ದಾರಿಗೆ ಹಣ ಹಾಕಿದರೆ ಬಸ್ಸು, ರೈಲಿಗೆ ಕಡಿಮೆಯಾಗುತ್ತದೆ ಎಂಬ ವಾದವನ್ನು ನಮ್ಮಲ್ಲಿ ಕೇಳುತ್ತೇವೆ. ಇಲ್ಲಿ ಒಂದರಿಂದಲೇ ಇನ್ನೊಂದಕ್ಕೆ ಬೆಲೆ. ಕಾರವಾರದ ರೈಲು ನಿಲ್ದಾಣ ಇರುವುದು ಊರ ಹೊರಗಿನ ಶಿರವಾಡದಲ್ಲಿ. ರೈಲು ಎಷ್ಟೇ ಸರಿಯಾದ ಹೊತ್ತಿಗೆ ಬಂದರೂ ಊರು ಸೇರಲು ಆಟೋದವರೊಡನೆ ಚೌಕಾಸಿ ತಪ್ಪುವುದಿಲ್ಲ. ಅಂಥ ಕೊನೆಯ ಕೆಲವು ಕಿಲೋಮೀಟರುಗಳನ್ನು ಇಲ್ಲಿ ಸೈಕಲ್ ನಿಭಾಯಿಸುತ್ತದೆ. ಉಟ್ರೆಕ್ಟ್ ಸೆಂಟ್ರಲ್ ನಿಲ್ದಾಣದಲ್ಲಿ 2019ರಲ್ಲಿ ಪೂರ್ತಿಗೊಂಡ ನಿಲುಗಡೆಯಲ್ಲಿ ಸುಮಾರು 12,500 ಸೈಕಲ್‌ಗಳಿಗೆ ಜಾಗವಿದ್ದು, ಮೊದಲ 24 ಗಂಟೆ ಪುಕ್ಕಟೆ. ಸೈಕಲ್ ತುಳಿದುಕೊಂಡೇ ಒಳಗೆ ಹೋಗಬಹುದು. ಎರಡಂತಸ್ತಿನ ಸ್ಟ್ಯಾಂಡಿನ ಮೇಲಿನ ಹಳಿಯನ್ನು ಹಿಡಿಕೆ ಹಿಡಿದು ಎಳೆದರೆ ಅದು ಜಾರಿ ಕೆಳಗೆ ಬಾಗುತ್ತದೆ, ಸೈಕಲ್ ಏರಿಸಿ ಹಿಂದಕ್ಕೆ ತಳ್ಳಿದರಾಯಿತು. ಇಳಿಯುವ ಊರಿನಲ್ಲಿ ರೈಲ್ವೆಯವರದೇ ಬಾಡಿಗೆ ಸೈಕಲ್ ಇರುತ್ತದೆ. ನಿಮ್ಮ ಸೈಕಲನ್ನೇ ರೈಲಿಗೆ ಹತ್ತಿಸುವುದಾದರೆ, ವಾರದ ದಿನಗಳಲ್ಲಿ ಬೆಳಗ್ಗೆ 6.30ರಿಂದ 9 ಮತ್ತು ಸಂಜೆ 4ರಿಂದ 6.30ರವರೆಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಮಡಚುವ ಸೈಕಲ್‌ಗೆ ಈ ಅಡ್ಡಿಯಿಲ್ಲ.

ಹೆದ್ದಾರಿ 66ರ ಅಂಚಿನಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿದವರಿಗೆ ಇರುವ ಭಯ ನಿಮ್ಮ ಮನೆಯವರಿಗೂ ಇದೆ ಎಂದು ಬರೆದಿದ್ದೀರಿ. ಇಲ್ಲಿಯ ಮುಖ್ಯ ರಸ್ತೆಗಳಲ್ಲಿ ಸೈಕಲ್‌ಗೆ ಕೆಂಪು ಡಾಂಬರಿನ ಬೇರೆಯೇ ದಾರಿಯಿರುತ್ತದೆ. ಅದೂ ಮೊದಲಿನಿಂದ ಇದ್ದದ್ದಲ್ಲ. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು, 1973ರ ತೈಲ ಬಿಕ್ಕಟ್ಟೂ ಒತ್ತಾಸೆಯಾಯಿತು, ಸರ್ಕಾರ ದಾರಿ ಬದಲಿಸಿತು.

ಹಾಗೆಂದು ಟ್ರಾಮ್ ಬೇಡವೆಂದಲ್ಲ. ದೇವಿಮನೆ ಘಟ್ಟ ಕಂಡವರಿಗೆ ಇಲ್ಲಿಯ ನೆಲ ತೀರಾ ಸಪಾಟು ಎನಿಸುತ್ತದೆ. ಆದರೆ ನವೆಂಬರಿನಲ್ಲಿ ಮಳೆಯೊಡನೆ ಎದುರುಗಾಳಿ ಬೀಸಿದಾಗ ವಿಶ್ವವಿದ್ಯಾಲಯದ ಆವರಣವಾದ ಸೈನ್ಸ್ ಪಾರ್ಕಿಗೆ ಹೋಗುವ ಟ್ರಾಮ್‌ನಲ್ಲಿ ನಿಲ್ಲಲು ಜಾಗ ಸಿಕ್ಕರೂ ಸಾಕೆನಿಸುತ್ತದೆ. ಮುಂದೆ ನಿಮ್ಮ ತಂದೆತಾಯಿ ಬಂದರೆ ಅವರಿಗೂ ಅದೇ ಅನುಕೂಲ. ಸೈಕಲ್ ತುಳಿಯಲಾಗದವರನ್ನು ಮರೆತ ಊರನ್ನು ನಾನು ಒಳ್ಳೆಯ ಊರೆನ್ನಲಾರೆ. ಆದರೆ ಡಚ್ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಉಚಿತ ಪ್ರಯಾಣದ ಸೌಲಭ್ಯ ಭಾರತದಿಂದ ಓದಲು ಬಂದವರಿಗೆ ಸಾಮಾನ್ಯವಾಗಿ ಸಿಗದು, ದಿನವೂ ಟ್ರಾಮ್ ಹತ್ತುವುದು ಕೈ ಕಚ್ಚುತ್ತದೆ.

ಸೈಕಲ್ ಹಳೆಯದೇ ಸಾಕು, ಬೀಗ ಮಾತ್ರ ಗಟ್ಟಿಯಿರಲಿ, ಇಲ್ಲಿ ಸೈಕಲ್ ಕಳ್ಳರ ಕಾಟ ಬಹಳ. ಕತ್ತಲಾದ ಮೇಲೆ ಹಿಂದೆ ಮುಂದೆ ದೀಪವಿರಬೇಕು. ತುಳಿಯುತ್ತ ಕೈಯಲ್ಲಿ ಮೊಬೈಲ್ ಹಿಡಿದರೆ 2019ರಿಂದ ದಂಡವಿದೆ.